ಅವ್ವನ ಚಪ್ಪಟೆ ಪಾದ ಮತ್ತು ಸಂತೆಯ ಬೂಟು

ಬಚ್ಚಲಿನ ಕಪ್ಪು ಫರಸಿಯ ಮೇಲೆ ನನ್ನ ಒದ್ದೆ ಕಾಲಿನ ಗುರುತು ಹಿಮ್ಮಡದಿಂದ ಬೆರಳಿನವರೆಗೆ ಒಂದೇ ಅಗಲವಾಗಿ ಮೂಡುತ್ತದೆ. ಬೇರೆಯವರ ಗುರುತಿನಲ್ಲಿ ಒಳಬದಿಗೆ ಒಂದು ಖಾಲಿ ಜಾಗವಿರುತ್ತದೆ, ಯಾರೋ ರೊಟ್ಟಿಯ ಅಂಚು ಮುರಿದು ತಿಂದ ಹಾಗೆ. ನನ್ನದು ಇಡೀ ರೊಟ್ಟಿ.

ಇದನ್ನು ನಾನು ಡಾಕ್ಟರೊಬ್ಬರ ಹೊರತು ಯಾರಿಗೂ ಹೇಳಿಕೊಂಡವಳಲ್ಲ. ಕಾಲಿನ ವಿಷಯ ತಾನಾಗಿ ಮಾತಿಗೆ ಬರುವಂಥದ್ದಲ್ಲ. ನಮ್ಮ ಕಡೆ ಚಪ್ಪಟೆ ಪಾದದ ಸುದ್ದಿ ಬರುವುದು ಸೈನ್ಯದ ಭರ್ತಿಯ ಕಾಲಕ್ಕೆ ಮಾತ್ರ. ಓಡಿ, ಜಿಗಿದು, ಎದೆ ಉಬ್ಬಿಸಿ ಎಲ್ಲ ಗೆದ್ದ ಹುಡುಗರು ಕಡೆಗೆ ಅಂಗಾಲು ತೋರಿಸಿ ಮನೆಗೆ ಬರುತ್ತಾರೆ. ಆದರೆ ಮಹಾಪುರುಷರ ಮೂವತ್ತೆರಡು ಲಕ್ಷಣಗಳನ್ನು ಎಣಿಸಿದ ಹಳೆಯ ಪಂಡಿತರು, ಅಂಗಾಲು ನೆಲಕ್ಕೆ ಸಮವಾಗಿ ಕೂರುವುದನ್ನೇ ಅದರಲ್ಲಿ ಸೇರಿಸಿದ್ದಾರೆ. ಅಂದರೆ ನನ್ನ ಕಾಲು ಸಿಪಾಯಿಯಾಗಲು ಸಾಲದು, ಚಕ್ರವರ್ತಿಯೋ ಬುದ್ಧನೋ ಆಗಲು ಸಾಕು. ಮೂರಕ್ಕೂ ನಾನು ಅರ್ಜಿ ಹಾಕಿಲ್ಲ. ನೋವಿಲ್ಲದ ಚಪ್ಪಟೆ ಪಾದಕ್ಕೆ ಏನೂ ಮಾಡಬೇಕಾಗಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ ನಾನೂ ಏನೂ ಮಾಡಿಲ್ಲ. ಏನೂ ಮಾಡದಿರುವುದನ್ನು ಡಾಕ್ಟರರೇ ಹೇಳಿ ಮಾಡಿಸುವ ಕಾಯಿಲೆಗಳು ಕಡಿಮೆ. ಸಿಕ್ಕಾಗ ಶ್ರದ್ಧೆಯಿಂದ ಪಾಲಿಸಬೇಕು.

ಅವ್ವನ ಪಾದ ಹಾಗಲ್ಲ. ಅವಳದು ಹುಟ್ಟಾ ಚಪ್ಪಟೆಯಲ್ಲ. ಅವಳು ಐನಾಪುರದ ಈ ಮನೆಗೆ ಸೊಸೆಯಾಗಿ ಬಂದಾಗ ಪಾದಕ್ಕೆ ಚಂದದ ಕಮಾನು ಇತ್ತಂತೆ. ದೀಪಾವಳಿಗೆ ಬಾಗಿಲಿನಿಂದ ದೇವರ ಜಗಲಿಯವರೆಗೆ ರಂಗೋಲಿಯಲ್ಲಿ ಬಿಡಿಸುವ ಲಕ್ಷ್ಮಿಯ ಪಾದಗಳ ಹಾಗೆ ಎಂದು ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಹೇಳುತ್ತಾಳೆ. ಐವತ್ತು ದಾಟಿದ ಮೇಲೆ ಬಲಗಾಲಿನ ಕಮಾನು ಮಾತ್ರ ಮೆಲ್ಲಗೆ ಕುಸಿಯತೊಡಗಿತು. ಸಂಜೆಯಾದರೆ ಕಣಕಾಲಿನ ಒಳಬದಿ ಊದಿಕೊಳ್ಳುವುದು. ಹಿಂದಿನಿಂದ ನೋಡಿದರೆ ಎಡಗಾಲಿನಲ್ಲಿ ಕಿರುಬೆರಳೊಂದೇ ಕಾಣುತ್ತಿತ್ತು. ಬಲಗಾಲಿನಲ್ಲಿ ಮೂರು ಬೆರಳು ಹೊರಗೆ ಇಣುಕುತ್ತಿದ್ದವು, ಕಿಟಕಿಯಲ್ಲಿ ನಿಂತ ಮಕ್ಕಳ ಹಾಗೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಅಥಣಿಗೆ ಹೋಗಿ ಹೊಸ ಚಪ್ಪಲಿ ತಂದೆವು. ನಮ್ಮ ಸೀಮೆಯ ಚಪ್ಪಲಿಗೆ ದೊಡ್ಡ ಹೆಸರಿದೆ, ಬಾಳಿಕೆಯೂ ಇದೆ. ಆದರೆ ಅದು ತೊಗಲಿನ ಹಲಗೆ, ಹಿಮ್ಮಡದಿಂದ ತುದಿಯವರೆಗೆ ಸಪಾಟು. ಚಪ್ಪಟೆ ಪಾದದ ಕೆಳಗೆ ಚಪ್ಪಟೆ ಚಪ್ಪಲಿ ಇಟ್ಟು ಗುಣವಾಗಲೆಂದು ಕಾದ ಬುದ್ಧಿವಂತರ ಪೈಕಿ ನಾನೂ ಒಬ್ಬಳು, ಅದೂ ಸ್ನಾತಕೋತ್ತರ ಪದವಿಯೊಡನೆ.

ಆಮೇಲೆ ಚಿಕ್ಕೋಡಿಯ ಮೂಳೆ ಡಾಕ್ಟರರ ಬಳಿ ಹೋದೆವು. ಅವರು ಮೇಜಿನಿಂದ ಎದ್ದು ಬಂದು ಅವ್ವನ ಹಿಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು.

“ಮಾವಶಿ, ಬಲಗಾಲ ಒಂದರ ಮ್ಯಾಲ ನಿಂತ ಹಿಮ್ಮಡ ಎತ್ತರಿ.”

ಅವ್ವ ಸೆರಗು ಸರಿಮಾಡಿಕೊಂಡಳು, ಗೋಡೆ ಹಿಡಿದಳು, ಉಸಿರು ಎಳೆದಳು. ಹಿಮ್ಮಡ ಏಳಲಿಲ್ಲ.

“ಎದ್ದೈತೇನ್ರಿ?” ಎಂದು ಕೇಳಿದಳು.

“ಇಲ್ರಿ, ಹುಬ್ಬ ಅಷ್ಟ ಎದ್ದಾವು,” ಎಂದರು ಡಾಕ್ಟರು.

ಕಣಕಾಲಿನ ಒಳಬದಿಯಿಂದ ಇಳಿದು ಕಮಾನನ್ನು ಎತ್ತಿ ಹಿಡಿಯುವ ಒಂದು ಸ್ನಾಯುರಜ್ಜು ಇದೆಯಂತೆ. ಹಗ್ಗವೆಂದುಕೊಳ್ಳಿ. ಅದು ವರ್ಷಾನುಗಟ್ಟಲೆ ಜಗ್ಗಿ ಸವೆದಿದೆ. ಹಗ್ಗ ಸಡಿಲವಾದಂತೆ ಡೇರೆ ಕುಸಿಯುತ್ತದೆ. ಪಾದ ಇನ್ನೂ ಬಿಗಿದುಕೊಂಡಿಲ್ಲ, ಕೈಯಿಂದ ತಿರುಗಿಸಿದರೆ ನೆಟ್ಟಗಾಗುತ್ತದೆ, ಆದ್ದರಿಂದ ಹಗ್ಗಕ್ಕೆ ವಿಶ್ರಾಂತಿ ಕೊಟ್ಟು ನೋಡೋಣ ಎಂದರು. ಕಮಾನಿಗೆ ಆಸರೆ ಕೊಡುವ ಇನ್‌ಸೋಲ್, ಹಿಮ್ಮಡವನ್ನು ಬಿಗಿಯಾಗಿ ಹಿಡಿಯುವ ಬೂಟು, ಮೀನಖಂಡ ಎಳೆಯುವ ವ್ಯಾಯಾಮ, ಊದಿದಾಗ ಐಸು, ಸಾಧ್ಯವಾದರೆ ಸ್ವಲ್ಪ ತೂಕ ಇಳಿಸುವುದು. ಇದರಿಂದ ಆಗದಿದ್ದರೆ ಶಸ್ತ್ರಚಿಕಿತ್ಸೆ: ಹಿಮ್ಮಡದ ಎಲುಬನ್ನು ಕೊಯ್ದು ಒಳಕ್ಕೆ ಸರಿಸಿ ಸ್ಕ್ರೂ ಹಾಕುವುದು, ಪಕ್ಕದ ಬೆರಳಿನ ರಜ್ಜುವನ್ನು ತಂದು ಸವೆದದ್ದರ ಕೆಲಸಕ್ಕೆ ಹಚ್ಚುವುದು. ವಾರಗಟ್ಟಲೆ ಆ ಕಾಲು ನೆಲಕ್ಕೆ ಊರುವಂತಿಲ್ಲ, ಪೂರಾ ಸುಧಾರಿಸಲು ತಿಂಗಳುಗಳೇ ಬೇಕು. ಅದನ್ನೂ ಬಿಟ್ಟು ಕೂತರೆ ಕೀಲುಗಳು ಬಿಗಿದು, ಅವನ್ನು ಶಾಶ್ವತವಾಗಿ ಬೆಸೆಯಬೇಕಾಗುತ್ತದೆ.

ಎಲ್ಲವನ್ನೂ ಅವ್ವ ತಲೆಯಾಡಿಸಿ ಕೇಳಿದಳು. ಹೊರಗೆ ಬಂದ ಮೇಲೆ ಒಂದೇ ಮಾತು ಅಂದಳು: “ನಾ ಮಲಗಿದ್ರ ರೊಟ್ಟಿ ಯಾರ ಬಡೀತಾರ?” ನನ್ನ ರೊಟ್ಟಿಯನ್ನು ನಮ್ಮ ಮನೆಯಲ್ಲಿ ಒಮ್ಮೆ ತಿಂದಿದ್ದಾರೆ.

ಬೂಟು ಬಂತು. ಇಳಕಲ್ ಸೀರೆಯ ಕೆಳಗೆ ಬಿಳಿಯ ಬೂಟು ಹಾಕಿದ ಅವ್ವ ಅಳುಕದೆ ಸಂತೆಗೆ ಹೋದಳು. ವ್ಯಾಯಾಮವನ್ನೂ ಬಿಡಲಿಲ್ಲ. ಪಡಸಾಲೆಯ ಗೋಡೆಗೆ ಅಂಗೈ ಒತ್ತಿ ಒಂದು ಕಾಲು ಹಿಂದಿಟ್ಟು ನಿಂತರೆ ಆಯಿ ತನ್ನ ಜಾಗದಿಂದಲೇ ಕೇಳುತ್ತಿದ್ದಳು: “ಗ್ವಾಡಿ ಬೀಳಾಕತ್ತೈತೇನ, ಹಿಡಕೊಂಡ ನಿಂತಿ?”

“ಡಾಕ್ಟರ ಹೇಳ್ಯಾರ್ರಿ ಅತ್ತಿ.”

“ಹಂಗಾರ ಎರಡೂ ಕೈಲೆ ಹಿಡಿ.”

ಮೂರು ತಿಂಗಳ ನಂತರ ಮತ್ತೆ ಚಿಕ್ಕೋಡಿಗೆ ಹೋದಾಗ ಊತ ಹಾಗೇ ಇತ್ತು, ಹಿಮ್ಮಡ ಏಳಲೊಲ್ಲದು. ಡಾಕ್ಟರು ಬೇಸರದಿಂದ ಶಸ್ತ್ರಚಿಕಿತ್ಸೆಯ ಮಾತು ತೆಗೆದರು. ಮಾತಾಡುತ್ತಲೇ ಅವ್ವನ ಬೂಟು ಕೈಗೆತ್ತಿಕೊಂಡು ತಿರುವಿ ನೋಡಿದರು. ಅಟ್ಟೆಯ ಗೆರೆಗಳು ಅಂಗಡಿಯಿಂದ ತಂದ ದಿನದ ಹಾಗೇ ಇದ್ದವು.

“ಮಾವಶಿ, ಇವನ್ನ ದಿನಾ ಹಾಕ್ಕೋತೀರೇನು?”

“ಹೂಂನ್ರಿ. ಹೊರಗ ಹೋಗೂವಾಗ ಒಂದ ಸರ್ತೀನೂ ತಪ್ಪಿಸಿಲ್ಲ.”

“ಹೊರಗ ಯಾವಾಗ ಹೋಗ್ತೀರಿ?”

ಅವ್ವ ಪ್ರಾಮಾಣಿಕವಾಗಿ ಯೋಚಿಸಿದಳು. “ವಾರದ ಸಂತಿಗಿರಿ. ಮತ್ತ ಇಲ್ಲಿಗೆ.”

“ಮನ್ಯಾಗ?”

“ಮನ್ಯಾಗ ಹೆಂಗ ಹಾಕ್ಕೋಳೂದ್ರಿ?”

“ದನದ ಮನಿಗೆ?”

“ಅಲ್ಲಿ ಆಕಳ ಐತಲ್ರಿ.”

ಡಾಕ್ಟರು ಬೂಟನ್ನು ಮೆಲ್ಲಗೆ ಕೆಳಗಿಟ್ಟರು. “ನಾ ಬೂಟ ಕೊಟ್ಟಿದ್ದು ಸಂತಿಗಲ್ರಿ ಮಾವಶಿ, ಕಾಲಿಗಿ.”

ಅವರು ನನ್ನ ಕಡೆಗೂ ನೋಡಿದರು. ಹೊಸ್ತಿಲ ಹೊರಗೆ ಬೂಟು ಬಿಡುವುದು ನನಗೆ ಉಸಿರಾಡುವಷ್ಟು ಸಹಜವಾದ್ದರಿಂದ ಅದೊಂದು ಸಂಗತಿ ಎಂದೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅವ್ವ ನಿಲ್ಲುವುದು ಅಡಿಗೆಮನೆಯ ಗಟ್ಟಿ ಫರಸಿಯ ಮೇಲೆ, ಬರಿಗಾಲಲ್ಲಿ. ಆಸರೆ ಬೇಕಾದ ಹೊತ್ತಿನಲ್ಲಿ ಆಸರೆ ಹೊರಗೆ ಕಟ್ಟೆಯ ಮೇಲೆ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ಚಿಕಿತ್ಸೆ ಸೋತಿರಲಿಲ್ಲ, ಶುರುವೇ ಆಗಿರಲಿಲ್ಲ. ಮನೆಯೊಳಗೆ ಮಾತ್ರ ಹಾಕುವ, ಬೀದಿ ಕಾಣದ ಇನ್ನೊಂದು ಜೊತೆ ತಂದು ಕೆಲವು ತಿಂಗಳು ನೋಡಿ, ಆಗಲೂ ಆಗದಿದ್ದರೆ ಎಲುಬಿಗೆ ಕೈ ಹಾಕೋಣ ಎಂದರು ಡಾಕ್ಟರು. ಬರುವಾಗಲೇ ಕೊಂಡೆವು: ಪಟ್ಟಿ ಎಳೆದು ಅಂಟಿಸುವ, ಹಿಮ್ಮಡ ಬಿಗಿಯಾದ ಬೂಟು. ಒಳಗೆ ಹೊಸ ಇನ್‌ಸೋಲ್ ಹಾಕಿಸಿದೆವು.

ಆ ಸಂಜೆ ಡಬ್ಬಿ ಪಡಸಾಲೆಯ ನಡುವೆ ಇತ್ತು. ಅದರ ಸುತ್ತ ನಾವು ನಾಲ್ವರು ಕೂತಿದ್ದೆವು. ನಮ್ಮ ದೇವರ ಜಗಲಿ ಅಡಿಗೆಮನೆಯಲ್ಲೇ ಇದೆ ಎನ್ನುವುದು ಈ ಕಥೆಯ ತೊಡಕು.

“ಬೀದಿಗೆ ಹಾಕಿಲ್ಲಬೇ ಆಯಿ, ಇದು ಮನಿ ಒಳಗ ಹಾಕೂದ ಅಷ್ಟ,” ಎಂದೆ.

“ಹೊಸಾದಾದ್ರೇನು, ಕಾಲ್ಮರಿ ಕಾಲ್ಮರೀನ,” ಎಂದಳು ಆಯಿ. ಸಿಟ್ಟಿರಲಿಲ್ಲ. ಬಿಸಿಲು ಬಿದ್ದಿದೆ ಎಂದು ಹೇಳುವ ಧ್ವನಿ.

ಅಪ್ಪ ಬಹಳ ಹೊತ್ತು ಗಡ್ಡ ತುರಿಸಿಕೊಂಡು ಕಡೆಗೆ ತೀರ್ಪು ಕೊಟ್ಟರು. “ಇಷ್ಟೆಲ್ಲಾ ಯಾಕ, ಆಪರೇಶನ್ನ ಮಾಡಿಸಿಬಿಡೂನು.”

ನನಗೆ ಆಶ್ಚರ್ಯವಾದದ್ದು ಅವ್ವ ಹೂಂ ಎಂದು ತಲೆಯಾಡಿಸಿದಾಗ. ಎಲುಬು ಕೊಯ್ಯುವುದು, ಸ್ಕ್ರೂ ಹಾಕುವುದು, ತಿಂಗಳುಗಟ್ಟಲೆ ಊರುಗೋಲು, ಇವೆಲ್ಲ ನಮ್ಮ ಮನೆಯಲ್ಲಿ ಆಗಬಹುದಾದ ಕೆಲಸಗಳು. ಒಂದು ಬೂಟು ಹೊಸ್ತಿಲು ದಾಟುವುದು ಆಗದ ಕೆಲಸ. ಅಡಿಗೆಮನೆಯಲ್ಲಿ ಅವ್ವ ನನಗೊಬ್ಬಳಿಗೆ ಕೇಳುವಂತೆ ಅಂದಳು: “ಆಪರೇಶನ್ ಆದ್ರ ಪಾಪ ಅಂತಾರ. ಬೂಟ ಹಾಕ್ಕೊಂಡ್ರ ಏನಂತಾರ?”

ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಸೊಸೆ ಇಷ್ಟು ವರ್ಷ ನಡೆಸಿಕೊಂಡು ಬಂದ ರೀತಿಯನ್ನು ತಾನೇ ಮುರಿದರೆ ಅದು ಮಾತಾಗುತ್ತದೆ. ಆಯಿ ತಾನಾಗಿ ಹಾಕಿಕೋ ಎಂದರೆ ಅದು ಆಯಿಯ ಇಡೀ ಜೀವಮಾನದ ಮಾತನ್ನು ಹಿಂತೆಗೆದುಕೊಂಡಂತೆ. ಇಬ್ಬರೂ ಒಬ್ಬರ ಮೇಲೊಬ್ಬರು ಪ್ರೀತಿ ಇಟ್ಟುಕೊಂಡೇ ಡಾಕ್ಟರರ ಕತ್ತಿಯ ಕಡೆಗೆ ನಡೆಯುತ್ತಿದ್ದರು. ಮಗಳ ಸ್ಥಾನ ಬೇರೆ. ಮಗಳು ಮುರಿದರೆ ಅದು ಬರೀ ಸೊಕ್ಕು, ಬೈದರೆ ಮುಗಿಯಿತು. ಈ ಸವಲತ್ತನ್ನು ನಾನು ಅದುವರೆಗೆ ಬಳಸಿಕೊಂಡಿರಲಿಲ್ಲ, ಬೈಸಿಕೊಳ್ಳುವುದು ನನಗೆ ಆಗಿಬರುವುದಿಲ್ಲ.

ಮರುದಿನ ಬೆಳಿಗ್ಗೆ ಆಯಿ ಜಗಲಿಗೆ ಹೂವೇರಿಸಿ ಅಲ್ಲೇ ಮಣೆಯ ಮೇಲೆ ಕೂತಿದ್ದಾಗ, ನಾನು ಡಬ್ಬಿ ತೆರೆದು ಅವ್ವನ ಬೂಟು ನನ್ನ ಕಾಲಿಗೆ ಹಾಕಿಕೊಂಡೆ. ನಮ್ಮಿಬ್ಬರದೂ ಒಂದೇ ಅಳತೆ. ಪಟ್ಟಿ ಬಿಗಿದು, ಅಡಿಗೆಮನೆಯ ಹೊಸ್ತಿಲು ದಾಟಿ, ಒಲೆಯ ಮೇಲೆ ಚಹಾ ಇಟ್ಟೆ. ರೊಟ್ಟಿಯ ಹಿಟ್ಟು ನಾದುತ್ತಿದ್ದ ಅವ್ವನ ಕೈ ನಿಂತಿತು. ಆಯಿ ನನ್ನ ಕಾಲು ನೋಡಿದಳು, ಮುಖ ನೋಡಿದಳು, ಮತ್ತೆ ಕಾಲು ನೋಡಿದಳು.

“ಏನಬೇ ಇದು! ನಿನ್ನ ಕಾಲಿಗೇನ ಧಾಡಿ ಬಂದೈತಿ? ನೋವ ಆಗಾಕತ್ತಿದ್ದು ಅಕಿಗೆ. ಅಕಿಗೆ ಕೊಡ ಅವನ್ನ!”

ನಾನು ಹಿರಿಯರ ಮಾತಿಗೆ ಎದುರಾಡಲಿಲ್ಲ. ಚಹಾ ಉಕ್ಕದಂತೆ ಉರಿ ಸಣ್ಣಗೆ ಮಾಡಿ, ನಿಂತಲ್ಲೇ ಬೂಟು ಬಿಚ್ಚಿ, ಅವ್ವನ ಬಲಗಾಲಿನ ಮುಂದೆ ಕೂತು ಪಟ್ಟಿ ಸಡಿಲಿಸಿ ಹಿಡಿದೆ.