ಬೈಕ್ ಬ್ಯಾಟರಿಯ ಮೇಲೆ ಕೇಳಿಸಿದ ಮುದುಕಿ

ಸಂಕ್ರಾಂತಿಯಿಂದ ಯುಗಾದಿಯವರೆಗೆ ನಾನು ಕೂತಲ್ಲಿ ಕೂರಲಿಲ್ಲ. ಕಾರಣ ಹೇಳಿದರೆ ನಗುತ್ತೀರಿ: ಒಂದು ಅಡಾಪ್ಟರ್. ಗೋಡೆಯ ಪ್ಲಗ್ಗಿಗೆ ಚುಚ್ಚುತ್ತೇವಲ್ಲ, ಆ ಕರಿ ಡಬ್ಬಿ.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಮನೆ ಹಳಿಯಾಳದಲ್ಲಿ. ಒಂದು ಕಾಲೇಜಿನವರು ಮುಂಡಗೋಡ, ಹಳಿಯಾಳ, ಜೋಯಿಡಾ ಕಡೆಯ ಹಳ್ಳಿಗಳಲ್ಲಿ ತಿರುಗಿ ಹಿರಿಯರ ಮಾತನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಅದನ್ನು ಕೇಳಿ, ಅವರು ಆಡಿದ ಹಾಗೆಯೇ ಅಕ್ಷರಕ್ಕೆ ಇಳಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬಂದ ದಿನ ಮನೆಯೆಲ್ಲ ಓಡಾಡಿ ಹಿಗ್ಗಿದ್ದೆ. ನನ್ನ ಕನ್ನಡ ಪುಸ್ತಕದಿಂದ ಬಂದದ್ದಲ್ಲ. ನಾನು ಬೆಳೆದ ಊರು ಮಳಗಿಯ ಪಡಸಾಲೆಯಲ್ಲಿ ಅಜ್ಜಿ, ದೊಡ್ಡವ್ವ ಶೇಂಗಾ ಸುಲಿಯುತ್ತ ಆಡಿಕೊಂಡದ್ದೆಲ್ಲ ಕಿವಿಗೆ ಬಿದ್ದು ಬಿದ್ದು ಬಂದದ್ದು. ಅವರು ಬೈದರೂ ಅದಕ್ಕೊಂದು ಲಯ ಇರುತ್ತಿತ್ತು. ಅಂಥ ಮಾತನ್ನೇ ಕೇಳುತ್ತ ಕೂರಬೇಕು, ಅದೇ ಕೆಲಸ ಎಂದರೆ ಇನ್ನೇನು ಬೇಕು?

ಕೆಲಸಕ್ಕೊಂದು ನಿಯಮವಿತ್ತು. ಕೇಳಿಸದ ಜಾಗದಲ್ಲಿ ಊಹಿಸಿ ಬರೆಯಬಾರದು, ಮೂರು ಚುಕ್ಕಿ ಇಡಬೇಕು. ಮೊದಮೊದಲು ಪುಟಕ್ಕೊಂದು ಕಡೆ ಚುಕ್ಕಿ ಇಡುತ್ತಿದ್ದೆ. ಬರಬರುತ್ತ ಸಾಲಿಗೊಂದಾಯಿತು. ಕಾಲೇಜಿನಿಂದ ಆ ಕೆಲಸ ನೋಡಿಕೊಳ್ಳುವ ಹುಡುಗಿ ಫೋನ್ ಮಾಡಿದಳು.

"ಸರ್, ಪಾಳಾ ಊರಿನ ಅಮ್ಮನ ರೆಕಾರ್ಡಿಂಗಿನ್ಯಾಗ ಚುಕ್ಕಿ ಭಾಳ ಆಗ್ಯಾವ್ರಿ. ಹಿಂಗ ಆದ್ರ ಬ್ಯಾರೆದವರಿಗೆ ಕೊಡಬೇಕಾಗ್ತೈತಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

"ಮಷಿನ್ನು ಗುಂಯ್ ಅಂತೈತಿ ತಂಗಿ," ಎಂದೆ. "ಸರಿ ಮಾಡಿಸಿ ಮತ್ತ ಕೇಳ್ತೇನಿ."

ಸುಳ್ಳಲ್ಲ. ಹೆಡ್‌ಫೋನಿಗೆಂದು ತರಿಸಿಕೊಂಡಿದ್ದ ಸಣ್ಣ ಆಂಪ್ಲಿಫೈಯರ್ ದನಿಯನ್ನೇನೋ ದೊಡ್ಡದು ಮಾಡುತ್ತಿತ್ತು, ಆದರೆ ಅದರ ಜೊತೆಗೇ ಒಂದು ಗುಂಯ್‌ಗುಟ್ಟುವಿಕೆಯನ್ನೂ ಸೇರಿಸುತ್ತಿತ್ತು. ಆ ಗುಂಯ್‌ನ ಅಡಿಯಲ್ಲೇ ಪಾಳಾದ ಮುದುಕಿಯ ಮಾತು ಹೂತು ಹೋಗಿದೆ ಎಂದು ನಾನು ನಂಬಿದ್ದೆ. ನಂಬಲು ಬಹಳ ಆಸೆ ಇತ್ತು. ಇನ್ನೊಂದು ಕಾರಣವೂ ಇರಬಹುದು ಎಂಬುದು ತಲೆಯ ಹಿಂದೆ ಎಲ್ಲೋ ಕೂತಿತ್ತು. ಅದರ ಕಡೆ ತಿರುಗಿ ನೋಡಲು ಧೈರ್ಯವಿರಲಿಲ್ಲ.

ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಕರೆಂಟು ಶುದ್ಧವಾದರೆ ದನಿ ಶುದ್ಧವಾಗುತ್ತದೆ ಎನ್ನುವವರು ಒಂದು ಕಡೆ. ಅದೆಲ್ಲ ನಿಮ್ಮ ಭ್ರಮೆ ಎನ್ನುವವರು ಇನ್ನೊಂದು ಕಡೆ. ಜಗಳ ನೋಡಿದರೆ ಆಸ್ತಿ ಪಾಲಿಗೆ ಕೂತ ಅಣ್ಣತಮ್ಮಂದಿರ ಹಾಗಿತ್ತು. ನಾನು ಮೊದಲನೆಯವರ ಮಾತು ಹಿಡಿದೆ. ಒಂದು ಹೊಸ ಅಡಾಪ್ಟರ್ ತರಿಸಿದೆ. ಅದು ಸಾಲದೆನಿಸಿ ಒಳಗೆ ಟ್ರಾನ್ಸ್‌ಫಾರ್ಮರ್ ಇದ್ದ, ಇಟ್ಟಿಗೆಯಷ್ಟು ಭಾರದ ಇನ್ನೊಂದನ್ನು ತರಿಸಿದೆ. ಪ್ರತಿ ಸಲವೂ ಎರಡು ದಿನ ದನಿ ತಿಳಿಯಾದಂತೆ ಅನಿಸುತ್ತಿತ್ತು. ಮೂರನೆಯ ದಿನ ಅದೇ ಗುಂಯ್, ಅವೇ ಚುಕ್ಕಿ. ಏಳುತ್ತಿದ್ದೆ, ಬಾಗಿಲವರೆಗೆ ಹೋಗಿ ಬರುತ್ತಿದ್ದೆ, ಪ್ಲಗ್ಗು ಕಿತ್ತು ಇನ್ನೊಂದು ಕಡೆ ಹಾಕುತ್ತಿದ್ದೆ. ಫ್ರಿಜ್ ಬಂದ್ ಮಾಡಿ ಕೇಳಿದೆ. ಹಾಲು ಒಡೆಯಿತು.

"ಕಾಲಾಗ ಚಕ್ರ ಐತೇನ್ರಿ ನಿಮಗ?" ಎಂದಳು ಹೆಂಡತಿ.

ಆಮೇಲೆ ಅರ್ಥಿಂಗ್ ನೆನಪಾಯಿತು. ಬೇಸಿಗೆ ಬಂದರೆ ನಮ್ಮ ಕಡೆ ಅರ್ಥಿಂಗ್ ಗುಂಡಿಗೆ ಉಪ್ಪು ನೀರು ಹಾಕುವುದು ಎಲ್ಲ ಮನೆಗಳ ರೂಢಿ. ಮಣ್ಣು ಒಣಗಿದರೆ ಕರೆಂಟು ಭೂಮಿಗೆ ಇಳಿಯುವುದಿಲ್ಲ. ಗುಂಯ್ ಬರಲು ಇದೇ ಕಾರಣ ಎಂದು ಎಂಟು ದಿನ ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ಹಾಕಿದೆ. ಗುಂಡಿಯ ಪಕ್ಕದ ಕರಿಬೇವಿನ ಗಿಡ ಉಪ್ಪಿಗೆ ಸುಟ್ಟು ಹೋಯಿತು. ಗುಂಯ್ ಹೋಗಲಿಲ್ಲ.

ಕೊನೆಗೆ ಆಂಪ್ಲಿಫೈಯರ್, ಮೂರು ಅಡಾಪ್ಟರ್, ಲ್ಯಾಪ್‌ಟಾಪ್ ಎಲ್ಲ ಚೀಲಕ್ಕೆ ತುಂಬಿಕೊಂಡು ದಾಂಡೇಲಿಯ ಬಸ್ ಹತ್ತಿದೆ. ಅಲ್ಲಿ ಒಬ್ಬ ಮಿಸ್ತ್ರಿ ಇದ್ದಾರೆ. ನಾವೆಲ್ಲ ಚಾಚಾ ಎನ್ನುತ್ತೇವೆ. ಟೇಪ್ ರೆಕಾರ್ಡರ್ ಕಾಲದಿಂದ ಮದುವೆಯ ಮೈಕ್ ಸೆಟ್ಟು, ಇನ್ವರ್ಟರ್, ಬೈಕ್ ಬ್ಯಾಟರಿ ಎಲ್ಲ ರಿಪೇರಿ ಮಾಡುತ್ತ ಬಂದವರು. ಅವತ್ತು ಅಂಗಡಿಗೆ ಬೀಗ. ಅನಮೋಡದಲ್ಲಿ ಯಾವುದೋ ಹೋಟೆಲಿನ ಇನ್ವರ್ಟರ್ ಕೆಟ್ಟಿದೆಯಂತೆ. ತಿರುಗಿ ಹಳಿಯಾಳ. ಮರುದಿನ ಮತ್ತೆ ಅದೇ ಬಸ್ಸು, ಅದೇ ಚೀಲ.

ಚಾಚಾ ಚೀಲದೊಳಗೆ ಇಣುಕಿ ನೋಡಿದರು. "ಮಾಸ್ತರ್ರ, ಅಡಾಪ್ಟರ್ ದುಕಾನ್ ಇಡಾವ್ರದೀರೇನು?"

ನಾನು ಕಥೆಯೆಲ್ಲ ಹೇಳಿದೆ. ಉಪ್ಪು ನೀರಿನ ಸುದ್ದಿ ಬಂದಾಗ ಅವರು ಅಡಾಪ್ಟರ್ ಒಂದನ್ನು ಎತ್ತಿ ನನ್ನ ಮೂಗಿನ ಮುಂದೆ ಹಿಡಿದರು. "ಇದರ ಪ್ಲಗ್ಗಿಗೆ ಎಷ್ಟ ಕಾಲು ಅದಾವು?"

"ಎರಡು."

"ಅರ್ಥಿಂಗ್ ಹೋಗೂದು ಮೂರನೇ ಕಾಲಿಗೆ. ಇದಕ್ಕ ಅದೇ ಇಲ್ಲ. ನೀವು ಎಂಟ ದಿನಾ ನೀರ ಹಾಕಿದ್ದು ಭೂಮಿಗೇನೋ ಮುಟ್ಟಿತು, ಈ ಬಡವಗ ಒಂದ ಹನಿನೂ ಮುಟ್ಟಲಿಲ್ಲ. ಶಾಣ್ಯಾ ಅದೀರಿ ನೋಡ್ರಿ!"

"ಹಂಗಾದ್ರ ಛಲೋ ಪವರ್ ಸಪ್ಲೈ ಒಂದು ನೀವ ಮಾಡಿಕೊಡ್ರಿ ಚಾಚಾ."

"ಥೋಡಾ ತಡೀರಿ. ಬ್ಯಾನಿ ಎಲ್ಲೈತಿ ನೋಡದ ಗುಳಿಗಿ ಕೊಡೂದಿಲ್ಲ ನಾ."

ಅವರು ಮೂಲೆಯಲ್ಲಿ ಚಾರ್ಜಿಗೆ ಇಟ್ಟಿದ್ದ ಯಾರದೋ ಬೈಕಿನ ಬ್ಯಾಟರಿಯನ್ನು ಬಿಡಿಸಿ ತಂದರು. ಹನ್ನೆರಡು ವೋಲ್ಟ್, ನನ್ನ ಆಂಪ್ಲಿಫೈಯರ್ ಬೇಡುವುದೂ ಅಷ್ಟೇ. ಅಡಾಪ್ಟರಿನ ಜಾಗದಲ್ಲಿ ಅದನ್ನು ಜೋಡಿಸಿದರು. ಲ್ಯಾಪ್‌ಟಾಪಿನ ಚಾರ್ಜರನ್ನೂ ಕಿತ್ತು ಹಾಕಿದರು. "ಈಗ ಗ್ವಾಡಿ ಕರೆಂಟಿಗೂ ಇದಕ್ಕೂ ಸಂಬಂಧ ಇಲ್ಲ. ಇದಕಿಂತ ಸಾಫ್ ಕರೆಂಟು ಆ ನಿಮ್ಮ ಇಂಟರ್ನೆಟ್ಟಿನವರ ಕಡೆನೂ ಇಲ್ಲ. ಇದರ ಮ್ಯಾಲ ಛಲೋ ಕೇಳಸ್ತಂದ್ರ ಸಪ್ಲೈ ಮಾಡಿಕೊಡ್ತೇನಿ. ಕೇಳಸಲಿಲ್ಲಂದ್ರ ಸುಮ್ನ ಯಾಕ ತಾಂಬ್ರದ ತಂತಿ ಸುತ್ತೂದು?"

ಹೆಡ್‌ಫೋನ್ ಹಾಕಿಕೊಂಡೆ. ಗುಂಯ್ ಇಲ್ಲ! ಪೂರಾ ಇಲ್ಲ. ಓಡುತ್ತಿದ್ದ ಹಿಟ್ಟಿನ ಗಿರಣಿ ನಿಂತಾಗ ಓಣಿಯೇ ಅಗಲವಾದಂತೆ ಅನಿಸುತ್ತದಲ್ಲ, ಹಾಗೆ. ಆ ಬಯಲಿನಲ್ಲಿ ಪಾಳಾದ ಮುದುಕಿ ಮಾತಾಡುತ್ತಿದ್ದಳು. ಹೊಸದಾಗಿ ಮದುವೆಯಾಗಿ ಬಂದಾಗ ಹಿರಿಯರ ಎದುರು ಗಂಡನನ್ನು ಮಾತಾಡಿಸುವ ಹಾಗಿರಲಿಲ್ಲ ಎಂಬ ಕಥೆ. ಅದನ್ನು ನಾನು ಹತ್ತಾರು ಸಲ ಕೇಳಿದ್ದೆ. ಗಂಡನಿಗೆ ಹೇಳುವುದನ್ನೆಲ್ಲ ಅವನ ಪಕ್ಕ ನಿಂತ ಎತ್ತಿಗೆ ಹೇಳುತ್ತಿದ್ದಳಂತೆ. ಒಂದು ದಿನ, "ಬಸವಣ್ಣಾ, ರೊಟ್ಟಿ ಆರಾಕ ಹತ್ತ್ಯಾವು, ಬಾ" ಎಂದಳಂತೆ. ಎತ್ತು ಬಂತು, ಗಂಡ ಬರಲಿಲ್ಲ. ಅಲ್ಲಿಂದ ಮುಂದೆ ಅವಳ ದನಿ ತಗ್ಗುತ್ತದೆ, ಮಾತಿನ ಅಂಚುಗಳೆಲ್ಲ ಸವೆದು ಬರಿ ಉಸಿರಾಗುತ್ತದೆ. ನಾನು ಚುಕ್ಕಿ ಇಟ್ಟ ಜಾಗ ಅದೇ. ಬ್ಯಾಟರಿಯ ಮೇಲೂ ಅದು ಉಸಿರೇ ಆಗಿತ್ತು. ದನಿ ಏರಿಸಿದೆ. ಉಸಿರು ದೊಡ್ಡದಾಯಿತು, ಅಷ್ಟೇ.

"ಗುಂಯ್ ಹೋತು," ಎಂದೆ. "ಆದ್ರ ಇಲ್ಲಿ ರೆಕಾರ್ಡಿಂಗೇ ಸರಿ ಇಲ್ಲ ಕಾಣ್ತೈತಿ."

"ತರ್ರಿ ಇಲ್ಲಿ."

ಚಾಚಾ ತಲೆಯ ಟೊಪ್ಪಿಗೆಯನ್ನು ಹಿಂದೆ ಸರಿಸಿ ಹೆಡ್‌ಫೋನ್ ಹಾಕಿಕೊಂಡರು. ನಾನು ಕಥೆಯನ್ನು ಮೊದಲಿಂದ ಹಚ್ಚಿದೆ. ಪರದೆಯ ಮೇಲೆ ಸೆಕೆಂಡುಗಳು ಓಡುವುದು ನನಗೆ ಕಾಣುತ್ತಿತ್ತು. ಎತ್ತು ಬಂದ ಜಾಗ ದಾಟಿತು. ಉಸಿರಿನ ಜಾಗ ಬಂತು. ಚಾಚಾ ನಕ್ಕುಬಿಟ್ಟರು. ಮೈ ಕುಲುಕಿ, ಕಣ್ಣಲ್ಲಿ ನೀರು ಬರುವಷ್ಟು.

ನಾನು ಬ್ಯಾಟರಿ ಬಿಡಿಸಿ, ನನ್ನ ಮೊದಲಿನ, ಎಲ್ಲಕ್ಕಿಂತ ಕಳಪೆಯ ಅಡಾಪ್ಟರನ್ನೇ ಚುಚ್ಚಿ ಮತ್ತೆ ಅದೇ ಜಾಗ ಹಚ್ಚಿದೆ. ಚಾಚಾ ಒಂದು ಸಲ ಮೂಗು ಮುರಿದರು, "ಗುಂಯ್ ಬಂತು" ಎಂದರು. ಆಮೇಲೆ ಅದೇ ಸೆಕೆಂಡಿಗೆ ಮತ್ತೆ ನಕ್ಕರು.

"ಏನಂದಳು ಚಾಚಾ?"

ಅವರು ಹೆಡ್‌ಫೋನ್ ತೆಗೆದು ನನ್ನ ಮುಖ ನೋಡಿದರು. ನಗು ಮೆಲ್ಲಗೆ ಇಳಿಯಿತು. ಮನೆಯಲ್ಲಿ ಉರ್ದು ಆಡುವ ಮನುಷ್ಯ, ನನ್ನ ದೊಡ್ಡವ್ವನ ಕನ್ನಡವನ್ನು ನನಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು: "ಹಿಂಗಂತಾಳ್ರಿ: 'ಆಮ್ಯಾಲ ಯಾರೂ ಇಲ್ಲದಾಗ ಹೋಗಿ, ಕಿವಿ ಹಿಂಡಿ ಕರಕೊಂಡ ಬಂದೆ. ಎತ್ತಿಂದಲ್ಲ.'"

ನನಗೆ ನಗಲು ಆಗಲಿಲ್ಲ. ಎದ್ದು ಅಂಗಡಿಯ ಬಾಗಿಲಿಗೆ ಹೋದೆ, ಒಳಗೆ ಬಂದೆ, ಮತ್ತೆ ಬಾಗಿಲಿಗೆ ಹೋದೆ.

"ಕೂಡ್ರಿ ಮಾಸ್ತರ್ರ," ಎಂದರು ಚಾಚಾ. "ಗುಂಯ್ ಅಡಾಪ್ಟರಿಂದು, ಅದು ಖರೆ. ಬೇಕಾದ್ರ ನಾಳೆ ಸಪ್ಲೈ ಮಾಡಿ ಇಡ್ತೇನಿ, ಕೇಳಾಕ ಆರಾಮ ಆಗ್ತೈತಿ. ಆದ್ರ ಆ ಅಮ್ಮನ ಮಾತು ಅದರಿಂದ ಬರಾಂಗಿಲ್ಲ. ಹುಬ್ಬಳ್ಳಿಗೆ ಹೋಗಿ ಕಿವಿ ತೋರಸ್ರಿ. ನಮ್ಮ ಅಣ್ಣಗೂ ಹಿಂಗ ಆಗಿತ್ತು. ವರ್ಷಗಟ್ಲೆ ನಮಗ ಬೈದಾ, ನೀವು ಬಾಯಾಗ ಬಾಯಾಗ ಮಾತಾಡ್ತೀರಿ ಅಂತ."

ಬಸ್ಸಿನಲ್ಲಿ ಮೂರು ಸಲ ಸೀಟು ಬದಲಿಸಿದೆ. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಬೆಚ್ಚಿ ಬೀಳಲಿಲ್ಲ. ಅದೇ ನನಗೆ ಸಿಟ್ಟು ತರಿಸಿತು.

"ಗೊತ್ತಿತ್ತು ಅಂದ್ರ ಯಾಕ ಹೇಳಲಿಲ್ಲ ನೀ?"

"ಹೇಳಿದ್ದೆ. ನಿಮಗ ಕೇಳಸಲಿಲ್ಲ."

ಹುಬ್ಬಳ್ಳಿಯ ಡಾಕ್ಟರೂ ಬೇರೆ ಹೇಳಲಿಲ್ಲ. ಎರಡೂ ಕಿವಿಯಲ್ಲಿ ಸಣ್ಣ ದನಿಗಳು, ಚೂಪು ದನಿಗಳು ಹೋಗಿವೆ, ವಯಸ್ಸು, ಯಂತ್ರ ಹಾಕಿಕೊಳ್ಳಿ, ಸ್ವಲ್ಪ ಬರುತ್ತದೆ, ಎಲ್ಲ ಬರುವುದಿಲ್ಲ ಎಂದರು. ಕಾಲೇಜಿನ ಹುಡುಗಿಗೆ ನಾನೇ ಫೋನ್ ಮಾಡಿದೆ. ಮಾಡುವ ಮೊದಲು ಅಂಗಳದಲ್ಲಿ ಎಷ್ಟು ಸುತ್ತು ಹಾಕಿದೆನೋ.

"ಮಷಿನ್ನಲ್ಲ ತಂಗಿ, ನನ್ನ ಕಿವಿ ಕೆಟ್ಟೈತಿ. ಬ್ಯಾರೆದವರಿಗೆ ಕೊಡೂದಿದ್ರ ಕೊಟ್ಟುಬಿಡ್ರಿ."

"ಈ ಹಳ್ಳಿ ಮಾತು ಗೊತ್ತಿದ್ದವರು ಬ್ಯಾರೆ ಯಾರದಾರ್ರಿ ಸರ್? ಕೇಳಾಕ ಯಾರರೆ ಕೂಡ್ರತಾರೇನು ನೋಡ್ರಿ. ಬರಿಯೂದು ನೀವ ಬರೀರಿ."

ಹೀಗೆ ಹೆಡ್‌ಫೋನ್ ಹೆಂಡತಿಯ ತಲೆಗೇರಿತು. ಚಾಚಾ ಮಾಡಿಕೊಟ್ಟ ಸಪ್ಲೈ ಗುಂಯ್ ಎನ್ನದೆ ಕೂತಿದೆ. ಅದರ ಸುಖ ಅವಳಿಗೆ. ಅವಳು ಒಂದು ಸಾಲು ಕೇಳುತ್ತಾಳೆ, ನಿಲ್ಲಿಸುತ್ತಾಳೆ, ನನಗೆ ಹೇಳುತ್ತಾಳೆ, ನಾನು ಬರೆಯುತ್ತೇನೆ. ಜಗಳವೇ ಹೆಚ್ಚು. ಮೊನ್ನೆ ಮುದುಕಿ ತನ್ನ ನಾದಿನಿಯ ವಿಷಯ ಹೇಳುತ್ತಿದ್ದಳು. ಹೆಂಡತಿ ಕೆಂಪಗಾಗಿ ಹೆಡ್‌ಫೋನ್ ತೆಗೆದಳು.

"ಇದನ್ನ ನಾ ಬಾಯಿಲೆ ಹೇಳೂದಿಲ್ರಿ."

"ಬರೀಬೇಕಲ್ಲ. ಆಡಿದ್ದನ್ನ ಬಿಡೂ ಹಂಗಿಲ್ಲ."

"ಚುಕ್ಕಿ ಇಡ್ರಿ."

"ಕೇಳಸದ ಇದ್ರ ಚುಕ್ಕಿ. ಕೇಳಸೈತಲ್ಲ ನಿನಗ."

ಅವಳು ಅಡುಗೆಮನೆಯ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. ಯಾರೂ ಇಲ್ಲ. "ಹೇಳ್ತೇನಿ. ಆದ್ರ ಕಾಗದಾ ನೋಡ್ಕೋಂತ ಕೇಳಬ್ಯಾಡ್ರಿ. ನನ್ನ ಮಾರಿ ನೋಡ್ರಿ, ತುಟಿ ನೋಡ್ರಿ. ಎರಡನೇ ಸಲ ಹೇಳಾಂಗಿಲ್ಲ ನಾ."

ನೋಡಿದೆ. ಅವಳು ಹೇಳಿದಳು. ಒಂದೇ ಸಲಕ್ಕೆ ಪೂರಾ ಸಿಕ್ಕಿತು.