ಕಾಗದ ಐತೇನ್ರಿ?

ಹಳಿಯಾಳದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಬಂದೂಕು ರಿಪೇರಿ ಮಾಡುವ ಕಾಕಾ ಒಬ್ಬರಿದ್ದರು. ಯಾರು ಬಾಗಿಲಿಗೆ ಬಂದರೂ ನಮಸ್ಕಾರಕ್ಕಿಂತ ಮೊದಲು ಅವರು ಕೇಳುತ್ತಿದ್ದದ್ದು ಒಂದೇ: “ಕಾಗದ ಐತೇನ್ರಿ?” ಲೈಸೆನ್ಸನ್ನು ಬೆಳಕಿಗೆ ಹಿಡಿದು ಓದಿ, ಧೋತರದ ಚುಂಗಿಗೆ ಕೈ ಒರೆಸಿಕೊಂಡ ಮೇಲೆಯೇ ಬಂದೂಕು ಮುಟ್ಟುತ್ತಿದ್ದರು. ಊಟಕ್ಕಾಗಲಿ ಮಾತಿಗಾಗಲಿ ಅವರ ಜೊತೆ ಯಾರೂ ಇದ್ದದ್ದನ್ನು ನಾನು ಕಾಣೆ.

ನಮ್ಮೂರು ಸಾಂಬ್ರಾಣಿಯಲ್ಲಿ ನಮ್ಮ ಕಬ್ಬಿಗೆ ಕಾಡುಹಂದಿ ಬಿದ್ದ ವರ್ಷವೇ ಅಜ್ಜನ ಕಾಲದ ವಿಲಾಯಿತಿ ಬಂದೂಕಿನ ಸ್ಪ್ರಿಂಗ್ ಮುರಿಯಿತು. ಅಂಥದ್ದು ಇಲ್ಲಿ ಸಿಗುವುದಿಲ್ಲ ಎಂದರು ಕಾಕಾ.

“ನಮ್ಮ ಅಕ್ಕನ ಮಗ ದುಬೈದಾಗ ಅದಾನ್ರಿ, ಬರೂ ಮುಂದ ತರ್ತಾನ,” ಎಂದೆ.

“ಕಾಗದ ಐತೇನ್ರಿ?”

“ಲೈಸೆನ್ಸ್ ನಿಮ್ಮ ಕೈಯಾಗ ಐತಲ್ರಿ!”

“ಇದು ಬಂದೂಕು ಇಟ್ಕೊಳ್ಳಾಕ. ಹೊರದೇಶದಿಂದ ಒಂದು ಸ್ಪ್ರಿಂಗ್ ತರಬೇಕಂದ್ರೂ ಮೊದಲ ಬ್ಯಾರೆ ಪರವಾನಗಿ ತಗೋಬೇಕು.”

ನನಗೆ ಸಿಟ್ಟು ಬಂತು. “ಬೆರಳಷ್ಟು ಕಬ್ಬಿಣ. ಬ್ಯಾಗಿನಾಗ ಯಾರ್ ನೋಡ್ತಾರ್ರಿ?”

ಕಾಕಾ ಲೈಸೆನ್ಸನ್ನು ಮಡಚಿ ನನ್ನ ಕೈಗೆ ಕೊಟ್ಟರು.

“ನಾನೂ ನನ್ನ ಮಗಗ ಹಿಂಗ ಅಂದಿದ್ದೆ. ನನ್ನ ಮಾತು ಕೇಳಿ ಹೊರದೇಶದಿಂದ ಇಂಥದ್ದ ಒಂದು ಸ್ಪ್ರಿಂಗ್ ತಂದ. ಏರ್‌ಪೋರ್ಟಿನಾಗ ಹಿಡದ್ರು. ಕೇಸೇನೋ ಮುಗೀತು. ಆದ್ರ ಅವ ಈ ಓಣಿಗೆ ಮತ್ತ ಬರಲಿಲ್ಲ.”

ಆ ಸಂಜೆಯೇ ಅಕ್ಕನ ಮಗನಿಗೆ ಫೋನ್ ಮಾಡಿ ಬೇಡವೆಂದೆ.

ಮಹಾನವಮಿಗೆ ಆಯುಧ ಪೂಜಿಸುವ ಖಂಡೆ ಪೂಜೆಯ ದಿನ ಆ ಓಣಿಯಲ್ಲಿ ಹೋಗುವಾಗ ಅಂಗಡಿಯೊಳಗೆ ಇಣುಕಿದೆ. ಕಾಕಾ ಒಬ್ಬರೇ ಕೂತು ಎರಡು ಸುತ್ತಿಗೆಗಳಿಗೆ ವಿಭೂತಿ ಹಚ್ಚುತ್ತಿದ್ದರು. ಒಂದರ ಹಿಡಿಕೆ ಬೆವರಿಗೆ ಕಪ್ಪಾಗಿತ್ತು. ಇನ್ನೊಂದು ಹೊಸದರಂತೆಯೇ ಇತ್ತು. ತುಕ್ಕು ಹಿಡಿಯದಂತೆ ಎಣ್ಣೆ ಸವರಿದ್ದರು.

“ಮಗಂದು,” ಎಂದರು, ನಾನು ಕೇಳುವ ಮೊದಲೇ.