ಸಾಕು ಮಗಳು ಹಠ ಹಿಡಿದಳು

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಬಂದ ಒಂದು ಭಾನುವಾರ. ಚನ್ನಗಿರಿಯ ಕಲ್ಯಾಣ ಮಂಟಪವೊಂದರಲ್ಲಿ, ಮಕ್ಕಳನ್ನು ದತ್ತು ಪಡೆದ ಕುಟುಂಬಗಳ ಸಮಾವೇಶವಿತ್ತು. ನ್ಯಾಮತಿಯಿಂದ ನಾನು, ನಮ್ಮ ಯಜಮಾನರು, ಅತ್ತೆ ಮತ್ತು ಎಂಟು ವರ್ಷದ ಮಗಳು ಚಿನ್ಮಯಿ ಹೊರಟೆವು. ಚಿನ್ಮಯಿ ನಮ್ಮ ಮಡಿಲಿಗೆ ಬಂದಾಗ ಅವಳಿಗೆ ಇನ್ನೂ ಹಲ್ಲು ಮೂಡಿರಲಿಲ್ಲ. ದತ್ತು ತಂದ ವಿಷಯವನ್ನು ನಾವು ಅವಳಿಂದ ಮುಚ್ಚಿಟ್ಟವರಲ್ಲ. ಚಿಕ್ಕಂದಿನಿಂದಲೇ ಕಥೆ ಹೇಳಿದ ಹಾಗೆ ಹೇಳುತ್ತ ಬಂದಿದ್ದೆವು.

ಹೊರಡುವಾಗ ನನಗೆ ಒಳಗೊಳಗೇ ಜಂಬ. ಹಬ್ಬವಾದಾಗಿನಿಂದ ಮಗಳು ಇದ್ದಕ್ಕಿದ್ದಂತೆ ಬಲು ಜಾಣೆಯಾಗಿಬಿಟ್ಟಿದ್ದಳು. ತಲೆ ಬಾಚುವಾಗ ಓಣಿಗೆಲ್ಲ ಕೇಳುವಂತೆ ಕಿರುಚುತ್ತಿದ್ದವಳು ಈಗ ತಾನೇ ಬಾಚಿಕೊಳ್ಳುತ್ತಿದ್ದಳು. ಉಂಡ ತಟ್ಟೆ ತೊಳೆದಿಡುತ್ತಿದ್ದಳು. ನನ್ನ ಹೊಲಿಗೆ ಅಂಗಡಿಗೆ ಬಂದರೆ ಬಣ್ಣದ ಬಟ್ಟೆ ತುಂಡಿಗಾಗಿ ಪೀಡಿಸದೆ ತೆಪ್ಪಗೆ ಕೂರುತ್ತಿದ್ದಳು. ನಾನೋ, ಬಂದ ಗಿರಾಕಿಗಳಿಗೆಲ್ಲ "ನೋಡ್ರಿ, ನಮ್ಮ ಹುಡುಗಿಗೆ ಎಷ್ಟು ಬುದ್ಧಿ ಬಂದೈತೆ" ಎಂದು ಡಂಗುರ ಸಾರಿದ್ದೇ ಸಾರಿದ್ದು. ಯಜಮಾನರು ಮಾತ್ರ ಒಮ್ಮೆ "ಯಾಕೋ ಕೂಸು ಮಂಕಾಗೈತೆ ಕಣೇ" ಎಂದಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನನ್ನ ಚಿಂತೆಯೆಲ್ಲ ಅತ್ತೆಯದು. ಅವರು ಜಗಳೂರು ಕಡೆ ಕುರಿ ಸಾಕಿದ ಮನೆತನದವರು. ಮಾತು ಒರಟು, ಮನಸ್ಸು ಬೆಣ್ಣೆ. ನಾಲ್ಕು ಜನರ ಮುಂದೆ ಏನು ಅಂದುಬಿಡುತ್ತಾರೋ ಎಂದು ಬಸ್ಸಿನಲ್ಲೇ ಹೇಳಿದೆ: "ಅತ್ತೇರೇ, ಅಲ್ಲಿ ಮೈಕಿನ ಹತ್ರ ಮಾತ್ರ ಹೋಗಬ್ಯಾಡ್ರಿ."

"ನಂಗ್ಯಾಕವ್ವಾ ಮೈಕು? ನನ್ನ ದನಿ ಹಂಗೇ ಊರಿಗೆಲ್ಲ ಕೇಳ್ತೈತೆ" ಎಂದರು.

ಮಂಟಪದ ತುಂಬ ಮಕ್ಕಳ ಗಲಾಟೆ. ಬಸವಾಪಟ್ಟಣದಿಂದ ಬಂದ ಒಬ್ಬ ತಾಯಿ ಪರಿಚಯವಾದ ಐದೇ ನಿಮಿಷಕ್ಕೆ ಮಗನ ಪುಂಡಾಟದ ಪುರಾಣ ಶುರುಮಾಡಿದರು. ನಾನು ನಮ್ಮ ಜಾಣೆಯನ್ನು ತೋರಿಸಿ ಬೀಗಿದೆ. ಭಾಷಣಗಳಾದ ಮೇಲೆ ಕಾರ್ಯಕ್ರಮ ನಡೆಸುತ್ತಿದ್ದ ಮೇಡಂ, "ಮಕ್ಕಳೇ, ನಿಮಗೆ ಏನು ಕೇಳಬೇಕು ಅನ್ನಿಸಿದರೂ ಇಲ್ಲಿ ಬಂದು ಕೇಳಿ" ಎಂದರು. ಒಬ್ಬ ಹುಡುಗ ಊಟ ಎಷ್ಟೊತ್ತಿಗೆ ಎಂದು ಕೇಳಿದ. ಎಲ್ಲರೂ ನಕ್ಕರು. ಆ ನಗು ಮುಗಿಯುವ ಮೊದಲೇ ನಮ್ಮ ಚಿನ್ಮಯಿ ಮೈಕಿನ ಮುಂದೆ ನಿಂತಿದ್ದಳು.

"ಮೇಡಂ, ಸಾಕು ಮಗಳು ಅಂದ್ರೆ ಸಾಕಾಗಿರೋ ಮಗಳಾ?"

ಮೇಡಂ ಬಗ್ಗಿ, "ಯಾರು ಹಾಗಂದರು ಪುಟ್ಟಾ?" ಎಂದರು.

"ಹಬ್ಬದಾಗೆ ಮನೆಗೆ ಬಂದೋರಿಗೆ ಅಜ್ಜಿ ಹೇಳ್ತು, ಇದು ನಮ್ಮ ಹುಡುಗನ ಸಾಕು ಮಗಳು ಅಂತ. ಅಮ್ಮನೂ ಸಾಕಾಗೋಯ್ತು ನಿನ್ನ ಕಾಟ ಅಂತಾಳೆ. ಪೂರ್ತಿ ಸಾಕಾದ್ರೆ ವಾಪಸ್ ಕಳಿಸ್ತಾರಾ? ನಾನೀಗ ಕಾಟ ಕೊಡ್ತಿಲ್ಲ ಮೇಡಂ."

ತಲೆ ಬಾಚಿಕೊಂಡಿದ್ದು, ತಟ್ಟೆ ತೊಳೆದಿದ್ದು, ತೆಪ್ಪಗೆ ಕೂತಿದ್ದು ಎಲ್ಲವೂ ನನಗೆ ಒಟ್ಟಿಗೇ ಅರ್ಥವಾಯಿತು. ಓಡಿಹೋಗಿ ಅಪ್ಪಿಕೊಳ್ಳೋಣವೆಂದು ಏಳಹೊರಟೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು.

"ಅಯ್ಯೋ ನನ್ನವ್ವಾ! ಆ ಸಾಕು ಬ್ಯಾರೆ, ಈ ಸಾಕು ಬ್ಯಾರೆ! ಕುರಿ ಸಾಕ್ತೀವಿ ಅಂತೀವಲ್ಲ, ಸಾಕಾಗಿ ಅಡವಿಗೆ ಬಿಟ್ಟೀವಿ ಅಂತಾನಾ? ಉಣ್ಣಿಸಿ, ಎತ್ತಿ ಆಡಿಸಿ, ಜ್ವರ ಬಂದ್ರೆ ಪಕ್ಕದಾಗೆ ಕುಂತು ಬೆಳಸೋದಕ್ಕೆ ಸಾಕೋದು ಅಂತಾರೆ. ನಿಮ್ಮಪ್ಪನ್ನ ಹಡದೋಳು ನಾನೇ. ಹಡದು ಸುಮ್ಕೆ ಕುಂತಿದ್ರೆ ಆಗ್ತಿತ್ತಾ? ಸಾಕ್ಲೇಬೇಕಿತ್ತು. ಅವನೂ ನನ್ನ ಸಾಕು ಮಗನೇ!"

ಮೈಕಿಲ್ಲದೆಯೇ ಮಂಟಪದ ಕೊನೆಯವರೆಗೂ ಕೇಳಿತು. ಜನ ಹೋ ಎಂದು ನಕ್ಕರು. ಮೀಸೆ ಹೊತ್ತ ಸಾಕು ಮಗ ನಾಚಿ ತಲೆ ತಗ್ಗಿಸಿದರು. ಚಿನ್ಮಯಿ ಮಾತ್ರ ನಗಲಿಲ್ಲ. ನನ್ನನ್ನೇ ದಿಟ್ಟಿಸಿ ಕೇಳಿದಳು: "ಹಂಗಾರೆ ಅಮ್ಮಾ, ನಿಂಗೆ ನಾನು ಸಾಕಾಗಿಲ್ವಾ?"

ಎಲ್ಲರ ಕಣ್ಣೂ ನನ್ನ ಮೇಲೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಸಾಕಾಗ್ತೈತೆ ಕಣೇ, ದಿನಾ ಸಾಕಾಗ್ತೈತೆ! ಎಷ್ಟು ಸಾಕಾದ್ರೂ ನೀನೇ ಬೇಕು" ಎಂದೆ. ಅವಳು ಒಂದು ಗಳಿಗೆ ಯೋಚಿಸಿ, ಓಡಿಬಂದು ನನ್ನ ತೊಡೆಯ ಮೇಲೆ ಧೊಪ್ಪನೆ ಕೂತಳು. ಬಸವಾಪಟ್ಟಣದ ತಾಯಿ ತಮ್ಮ ಕಣ್ಣು ಒರೆಸಿಕೊಂಡು ನನಗೂ ಕರ್ಚೀಫು ಕೊಟ್ಟರು.

ಊಟಕ್ಕೆ ಕೂತಾಗ ಪಾಯಸ ಬಡಿಸುವವರು "ಸಾಕಾ?" ಎಂದರು. ಚಿನ್ಮಯಿ "ಬೇಕು!" ಎಂದು ಕೂಗಿದಳು. ಪಂಕ್ತಿಯ ಮಕ್ಕಳೆಲ್ಲ ಅದನ್ನೇ ಹಿಡಿದುಕೊಂಡು "ಬೇಕು, ಬೇಕು!" ಎಂದು ಎಲೆ ತಟ್ಟತೊಡಗಿದರು. ಪಾಪ, ಅಡುಗೆಯವರು ಸುಸ್ತಾದರು.

ಸಂಜೆ ಹೊನ್ನಾಳಿಯಲ್ಲಿ ಬಸ್ಸು ಬದಲಿಸುವಾಗ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬೇಕೆಂದು ಹಠ ಶುರುವಾಯಿತು. ಬಸ್ಸು ಬಂತು ಎಂದರೂ ಕೇಳಲೊಲ್ಲಳು. ಚಪ್ಪಲಿ ಒದ್ದು ಬಸ್‌ಸ್ಟ್ಯಾಂಡಿನ ನೆಲದ ಮೇಲೆಯೇ ಕೂತು ರಾಗ ತೆಗೆದಳು. ಜನ ತಿರುಗಿ ನೋಡುತ್ತಿದ್ದರು. ಅತ್ತೆ "ಬಂದ್ಳು ನೋಡು, ನಮ್ಮ ಹಳೇ ಚಿನ್ಮಯಿ" ಎಂದು ನಕ್ಕರು. ಯಜಮಾನರು ಓಡಿ ಬಜ್ಜಿ ತಂದರು. ನಾನು ಅವಳನ್ನು ಎತ್ತಿ ಬಸ್ಸಿಗೆ ಹತ್ತಿಸುವಷ್ಟರಲ್ಲಿ ಏದುಸಿರು ಬಂದು, ನಾಲಿಗೆ ತಡೆಯದೆ "ಸಾಕಾಗೋಯ್ತು ಕಣೇ ನಿನ್ನ ಕಾಟ!" ಎಂದುಬಿಟ್ಟೆ.

ಅಂದ ಮೇಲೆ ಅವಳ ಕಡೆ ಕದ್ದು ನೋಡಿದೆ. ಚಿನ್ಮಯಿ ಬಜ್ಜಿ ಕಚ್ಚುತ್ತ, ಕಿಟಕಿಯಿಂದ ಮುಖವನ್ನೂ ತಿರುಗಿಸದೆ "ಗೊತ್ತು" ಎಂದಳು.

ಈಗ ಮತ್ತೆ ನಮ್ಮ ಮನೆಯಲ್ಲಿ ಬೆಳಗ್ಗೆ ತಲೆ ಬಾಚುವ ಹೊತ್ತಿಗೆ ಓಣಿಗೆಲ್ಲ ಕೇಳುವಂಥ ಕಿರುಚಾಟ. ಪಕ್ಕದ ಮನೆಯವರು ಏನೆಂದುಕೊಳ್ಳುತ್ತಾರೋ ನನಗೆ ತಿಳಿಯದು. ನನಗಂತೂ ಅದನ್ನು ಕೇಳಿದರೇ ಸಮಾಧಾನ.